ಹೊಳೆದಂಡೆಯಲ್ಲಿ ಮೂರ್ತಿ ನಿಲ್ಲಿಸುವ ಮುನ್ನ

ಓದುಗರ ಪ್ರಶ್ನೆ: ನಮ್ಮದು ಹಾವೇರಿ ತಾಲ್ಲೂಕಿನಲ್ಲಿ ವರದಾ ನದಿಯ ದಂಡೆಯ ಮೇಲಿರುವ ಹಳ್ಳಿ. ಗಳಗನಾಥದ ಸಂಗಮ ಇಲ್ಲಿಂದ ದೂರವಿಲ್ಲ. ಊರಿನ ಶಾಲೆಯಲ್ಲಿ 31 ವರ್ಷ ಕಲಿಸಿ ನಿವೃತ್ತನಾಗಿದ್ದೇನೆ. ಹಳೆಯ ವಿದ್ಯಾರ್ಥಿಗಳು ಸೇರಿ 12 ಲಕ್ಷ ರೂಪಾಯಿ ಕೂಡಿಸಿದ್ದಾರೆ. ಹೊಳೆಯ ಮೆಟ್ಟಿಲುಗಳ ಪಕ್ಕದಲ್ಲಿ 15 ಅಡಿ ಎತ್ತರದ ವರದಾ ತಾಯಿಯ ಮೂರ್ತಿ, ಮುಂದೆ ಕಾರಂಜಿ, ಸುತ್ತ ಬಣ್ಣದ ದೀಪಗಳು ಆಗಬೇಕೆಂದು ಹಿರಿಯರ ಆಸೆ. ಎರೆಭೂಮಿಯಲ್ಲಿ ಕಲ್ಲು ನಿಲ್ಲುವುದಿಲ್ಲ, ಫೈಬರ್ ಮೂರ್ತಿಯೇ ಸೂಕ್ತ ಎಂದು ಗುತ್ತಿಗೆದಾರರೊಬ್ಬರು ಹೇಳಿ, ನವಿಲು, ಹಂಸ, ಡಾಲ್ಫಿನ್‌ಗಳ ಚಿತ್ರಗಳಿರುವ ಪುಸ್ತಕವನ್ನೂ ತೋರಿಸಿ ಹೋಗಿದ್ದಾರೆ. ಯುವಕರಿಗೆ ಶಾಲೆಯ ಗೋಡೆ ಮತ್ತು ನೀರಿನ ಟಾಕಿಯ ಮೇಲೆ ಹಕ್ಕಿ, ಮೀನುಗಳ ಚಿತ್ರ ಬೇಕು. ಮೆಟ್ಟಿಲ ಬಳಿಯ ಎರಡು ವೀರಗಲ್ಲುಗಳಿಗೆ ಬಂಗಾರದ ಬಣ್ಣ ಹಚ್ಚಿದರೆ ಬಾಳಿಕೆ ಬರುತ್ತದೆ ಎಂಬ ಮಾತೂ ನಡೆದಿದೆ. ಜಾಗ ದೇವಸ್ಥಾನದ್ದು, ಯಾರ ಪರವಾನಗಿಯೂ ಬೇಡ ಎಂದು ಕೆಲವರು ಅನ್ನುತ್ತಾರೆ. 2019ರ ಆಗಸ್ಟಿನ ನೆರೆಯಲ್ಲಿ ಮೆಟ್ಟಿಲುಗಳೆಲ್ಲ ಮುಳುಗಿ ನೀರು ಶಾಲೆಯ ಕಂಪೌಂಡಿನವರೆಗೆ ಬಂದಿತ್ತು. ಮೂರ್ತಿ ಕಲ್ಲಿನದಾಗಬೇಕೋ, ಫೈಬರಿನದಾಗಬೇಕೋ? ಮಕ್ಕಳು ದುಡಿದು ಕೊಟ್ಟ ಹಣ ಹೊಳೆಪಾಲಾಗಬಾರದು ಎಂಬುದೇ ನನ್ನ ಚಿಂತೆ.

ಉತ್ತರ: ಮೂರ್ತಿ ಕಲ್ಲಿನದಾಗಬೇಕೋ ಫೈಬರಿನದಾಗಬೇಕೋ ಎಂದು ನೀವು ಕೇಳಿದ್ದೀರಿ. ಆದರೆ ಪತ್ರದ ಕೊನೆಯಲ್ಲಿ ಬರೆದಿರುವ ಒಂದು ವಾಕ್ಯ, ನೀರು ಶಾಲೆಯ ಕಂಪೌಂಡಿನವರೆಗೆ ಬಂದಿತ್ತು ಎಂಬುದು, ಉಳಿದೆಲ್ಲ ಚರ್ಚೆಗಿಂತ ಮೊದಲು ಬರಬೇಕಾದದ್ದು. ಧಾರವಾಡದಲ್ಲಿ ಶಿಲ್ಪಕಲೆ ಕಲಿಸುತ್ತ, ಜೊತೆಗೆ ಹಳೆಯ ಕಲ್ಲುಗಳ ಸಂರಕ್ಷಣೆಯ ಕೆಲಸ ಮಾಡುತ್ತ ನಾನು ಕಂಡಂತೆ, ನೀರಿನ ಬದಿಯಲ್ಲಿ ಹಾಳಾದ ಕೃತಿಗಳಲ್ಲಿ ಹೆಚ್ಚಿನವು ಶಿಲ್ಪಿಯ ಕೈ ಸೋತು ಹಾಳಾದವಲ್ಲ. ಜಾಗವನ್ನು ಬೇಸಿಗೆಯಲ್ಲಿ ನೋಡಿ ಗೊತ್ತುಮಾಡಿದ್ದರಿಂದ ಹಾಳಾದವು. ವರದೆಯಂಥ ಹೊಳೆಗೆ ಎರಡು ದಂಡೆಗಳಲ್ಲ, ನಾಲ್ಕು ದಂಡೆಗಳಿರುತ್ತವೆ: ಮಾರ್ಚಿನಲ್ಲಿ ಮಡುಗಳ ನಡುವೆ ಕಾಲಿಟ್ಟು ದಾಟುವಾಗಿನ ಎರಡು, ಆಗಸ್ಟಿನಲ್ಲಿ ಹೊಲಗಳನ್ನು ತುಂಬಿಕೊಂಡು ಹರಿಯುವಾಗಿನ ಎರಡು. ನೀವು ಆರಿಸಿರುವ ಜಾಗ ಈ ಎರಡರ ನಡುವೆ ಇದೆ, ಅಂದರೆ ಅದು ನದಿಯ ಜಾಗವೇ.

ನಿಮ್ಮ ಊರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ದಾರಿಯಲ್ಲಿ ಹಾನಗಲ್ಲಿನ ಧರ್ಮಾ ನದಿಯನ್ನು ಕೂಡಿಸಿಕೊಂಡು ಬರುವ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ದೊಡ್ಡ ಹೊಳೆ ತುಂಬಿದಾಗ ಚಿಕ್ಕ ಹೊಳೆಯ ನೀರಿಗೆ ಹೋಗಲು ದಾರಿ ಸಿಗದೆ ಅದು ಹಿಂದಕ್ಕೆ ಒತ್ತಿ ನಿಲ್ಲುತ್ತದೆ. ಸಂಗಮಕ್ಕೆ ಹತ್ತಿರದ ಹಳ್ಳಿಗಳಲ್ಲಿ ಊರಿನ ಮೇಲೆ ಹನಿ ಬೀಳದ ದಿನವೂ ಮೆಟ್ಟಿಲು ಮುಳುಗುವುದಕ್ಕೆ ಇದೇ ಕಾರಣ. ಹೀಗೆ ನಿಂತ ನೀರು ಹರಿಯುವ ನೀರಿನಷ್ಟು ಕೊರೆಯುವುದಿಲ್ಲ, ಆದರೆ ದಿನಗಟ್ಟಲೆ ನಿಂತು ಅಡಿಪಾಯದ ಮಣ್ಣನ್ನು ಕೆಸರುಮಾಡುತ್ತದೆ, ಇಳಿಯುವಾಗ ಆ ಕೆಸರನ್ನು ಎಳೆದುಕೊಂಡು ಹೋಗುತ್ತದೆ.

ಈಗ ಗುತ್ತಿಗೆದಾರರ ಮಾತಿಗೆ ಬರೋಣ. ಎರೆಭೂಮಿಯಲ್ಲಿ ಕಲ್ಲು ನಿಲ್ಲುವುದಿಲ್ಲ ಎಂಬುದು ನಮ್ಮ ಭಾಗದಲ್ಲಿ ಬಹಳ ಕೇಳಿಬರುವ ಮಾತು, ಅರ್ಧ ನಿಜ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಇದರಿಂದಲೇ. ಮೇಲ್ಪದರದಲ್ಲಿ ಅಡಿಪಾಯ ಹಾಕಿದರೆ ಅದರ ಮೇಲೆ ಕಲ್ಲಿರಲಿ, ಸಿಮೆಂಟಿರಲಿ, ಫೈಬರಿರಲಿ, ಪ್ರತಿ ವರ್ಷ ಒಂದು ಸಲ ಏರಿ ಒಂದು ಸಲ ಇಳಿಯುತ್ತದೆ. ಎಲ್ಲ ಕಡೆ ಸಮನಾಗಿ ಏರಿಳಿಯುವುದಿಲ್ಲವಾದ್ದರಿಂದ ಕೆಲವು ವರ್ಷಗಳಲ್ಲಿ ವಾಲುತ್ತದೆ. ದೋಷ ಅಡಿಪಾಯದ್ದು, ಕಲ್ಲಿನದಲ್ಲ. ಇದಕ್ಕೆ ಪರಿಹಾರವೂ ಹೊಸದೇನಲ್ಲ. ಮಣ್ಣಿನ ಈ ಏರಿಳಿತ ಮುಟ್ಟದ ಆಳಕ್ಕೆ ಕೊರೆದು, ಕೆಳತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ಇಳಿಸುವ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿ ದಶಕಗಳೇ ಆಗಿವೆ, ಹುಬ್ಬಳ್ಳಿ, ಗದಗಿನ ಎಂಜಿನಿಯರುಗಳಿಗೆ ಅದು ಗೊತ್ತಿದೆ. ಎರೆಮಣ್ಣು ಆಳವಿಲ್ಲದ ಕಡೆ ಅದನ್ನು ಪೂರ್ತಿ ತೆಗೆದು ಗರಸು ತುಂಬಿ ಕುಟ್ಟಿಸಿದರೂ ಸಾಕಾಗುತ್ತದೆ. ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ: ಹೊಳೆದಂಡೆಯ ಮಣ್ಣು ಹೊಲದ ಎರೆಯೇ ಆಗಿರಬೇಕೆಂದಿಲ್ಲ, ಹೊಳೆ ತಂದು ಹಾಕಿದ ಮೆಕ್ಕಲು ಇರಬಹುದು. ಆಳವಾದ ಒಂದು ಗುಂಡಿ ತೋಡಿಸಿ ನೋಡದೆ ಯಾವ ಗುತ್ತಿಗೆದಾರರೂ, ನಾನೂ ಕೂಡ, ಖಚಿತವಾಗಿ ಮಾತಾಡಲಾಗದು.

ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಕೆರೆಯ ಬದಿಯಲ್ಲಿ ಕಲ್ಲಿನ ಎತ್ತರದ ಕೃತಿಯೊಂದನ್ನು ನಿಲ್ಲಿಸಿದ್ದೆ. ಉದ್ಘಾಟನೆ ಚೆನ್ನಾಗಿಯೇ ಆಯಿತು. ಮೂರನೆಯ ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದರೆ ಗೇಣಿನಷ್ಟು ವಾಲಿತ್ತು, ಊರಿನ ಹುಡುಗರು ಅದಕ್ಕೆ ‘ಕುಡುಕ ಕಲ್ಲು’ ಎಂದು ಹೆಸರಿಟ್ಟಿದ್ದರು. ಗೌಂಡಿ ಆಳ ಸಾಲದು ಎಂದಿದ್ದ. ಗಡಿಬಿಡಿಯಲ್ಲಿದ್ದ ನಾನು ಕೇಳಿರಲಿಲ್ಲ.

ಫೈಬರಿನ ವಿಷಯ ಬೇರೆ. ಅದನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ; ಚಾವಣಿಯ ಕೆಳಗೆ, ಜಾತ್ರೆಯ ಮೆರವಣಿಗೆಗೆ ಅದು ಹಗುರವಾದ, ಅಗ್ಗದ ವಸ್ತು. ಬಯಲಿನಲ್ಲಿ ಮಾತ್ರ ನಮ್ಮ ಬಿಸಿಲು ಅದರ ಅಂಟನ್ನು ತಿನ್ನುತ್ತದೆ. ನಾಲ್ಕೈದು ಬೇಸಿಗೆ ಕಳೆದ ಮೇಲೆ ಬಣ್ಣ ಸುಣ್ಣದ ಪುಡಿಯಂತೆ ಕೈಗೆ ಹತ್ತುವುದನ್ನೂ, ಆಮೇಲೆ ಒಳಗಿನ ಗಾಜಿನ ಎಳೆಗಳು ಹೊರಬಂದು ಚುಚ್ಚುವುದನ್ನೂ ಹಲವು ಕಡೆ ನೋಡಿದ್ದೇನೆ. ಆ ಪುಡಿ ಮಳೆಯಲ್ಲಿ ತೊಳೆದು ಹೋಗುವುದು ಹೊಳೆಗೇ. ಎಲ್ಲಕ್ಕಿಂತ ಮುಖ್ಯ, 15 ಅಡಿಯ ಫೈಬರ್ ಮೂರ್ತಿ ಒಳಗೆ ಟೊಳ್ಳು. ನೆರೆಯಲ್ಲಿ ಅರ್ಧ ಮುಳುಗಿದರೆ ಅದು ಹರಿಗೋಲಿನಂತೆ ತೇಲಲು ನೋಡುತ್ತದೆ, ಬೋಲ್ಟುಗಳನ್ನು ಕಿತ್ತುಕೊಂಡು ಹೊರಡುತ್ತದೆ. ಘನ ಮೀಟರಿಗೆ ಸುಮಾರು 2.7 ಟನ್ ತೂಗುವ ಗ್ರಾನೈಟ್ ಕೂಡ ನೀರಿನಲ್ಲಿ ಮುಳುಗಿದಾಗ 1 ಟನ್ನಿನಷ್ಟು ಹಗುರಾಗುತ್ತದೆ ಎಂಬುದನ್ನು ನೆನೆದರೆ ಟೊಳ್ಳು ಫೈಬರಿನ ಗತಿ ತಿಳಿಯುತ್ತದೆ. ಇನ್ನು ಹರಿಯುವ ನೀರಿಗೆ ಅಡ್ಡವಾಗಿ ದಪ್ಪ ಪೀಠ ನಿಂತರೆ ಅದರ ಬುಡದಲ್ಲಿ ಸುಳಿ ಎದ್ದು ಮಣ್ಣು ಕೊರೆದುಹೋಗುತ್ತದೆ. ಕೊರೆತ ಪೀಠಕ್ಕಷ್ಟೇ ನಿಲ್ಲುವುದಿಲ್ಲ. ಪಕ್ಕದ ಮೆಟ್ಟಿಲುಗಳಿಗೂ, ಕೆಳಗಿನ ಹೊಲದವರ ದಂಡೆಗೂ ಹಬ್ಬುತ್ತದೆ. ಜಗಳಕ್ಕೆ ಅಷ್ಟು ಸಾಕು.

ಸಿಮೆಂಟು ಮಧ್ಯದ ದಾರಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್ನನ್ನು ನೀವು ಮಕ್ಕಳೊಂದಿಗೆ ನೋಡಿರಬಹುದು. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಮೂಡಿದ ಆ ಆಳೆತ್ತರದ ಪ್ರತಿಮೆಗಳು ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಎಷ್ಟು ಜೀವಂತವಾಗಿ ಹಿಡಿದಿವೆ ಎಂದರೆ ಹೊರಗಿನವರು ದೂರದಿಂದ ಮನುಷ್ಯರೆಂದೇ ತಿಳಿಯುತ್ತಾರೆ. ಆದರೆ ಅದು ನಿತ್ಯ ನೋಡಿಕೊಳ್ಳುವವರಿರುವ ತೋಟ. ದಂಡೆಯಲ್ಲಿ ಒಂಟಿಯಾಗಿ ನಿಲ್ಲುವ ಸಿಮೆಂಟು ಮೂರ್ತಿಯಲ್ಲಿ ಕಬ್ಬಿಣದ ಸರಳಿಗೆ ಸಾಕಷ್ಟು ದಪ್ಪದ ಹೊದಿಕೆ ಸಿಕ್ಕಿರುವುದಿಲ್ಲ, ತೇವ ಒಳಗೆ ಹೋಗಿ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಮೊದಲು ಬೆರಳು, ಆಮೇಲೆ ಮೂಗು ಉದುರುತ್ತವೆ.

ಮೂಗು ಉದುರುವ ಮಾತು ಬಂದದ್ದರಿಂದ, ನಿಮ್ಮ ಪತ್ರದಲ್ಲಿ ಯಾರೂ ಕೇಳದಿರುವ ಒಂದು ಪ್ರಶ್ನೆಯನ್ನು ನಾನು ಕೇಳುತ್ತೇನೆ. ವರದಾ ತಾಯಿಯ ಮೂರ್ತಿ ಅಲಂಕಾರವೋ, ದೇವರೋ? ನಿಲ್ಲಿಸಿದ ಮರುದಿನವೇ ಅರಿಶಿನ, ಕುಂಕುಮ, ಊದಿನಕಡ್ಡಿ ಬರುತ್ತವೆ. ಬರಬಾರದು ಎನ್ನಲು ನಾವು ಯಾರು? ಪೂಜೆ ಶುರುವಾದ ಮೇಲೆ ಅದು ಶಿಲ್ಪಿಯ ಕೈಯಿಂದಲೂ ಪಂಚಾಯಿತಿಯ ಕೈಯಿಂದಲೂ ತಪ್ಪಿಹೋಗುತ್ತದೆ. ಕೈ ಮುರಿದರೆ ಭಿನ್ನವಾಯಿತು ಎನ್ನುತ್ತಾರೆ, ದುರಸ್ತಿಗೆ ಒಪ್ಪುವುದಿಲ್ಲ, ತೆಗೆಯಲೂ ಬಿಡುವುದಿಲ್ಲ. ಪ್ಲಾಸ್ಟಿಕ್ ಹಾರ, ಹಳೆಯ ದೇವರ ಫೋಟೋಗಳು ಅಲ್ಲಿಯೇ ರಾಶಿಯಾಗಿ ಮೊದಲ ಮಳೆಗೆ ಹೊಳೆಗೆ ಇಳಿಯುತ್ತವೆ. ನಮ್ಮ ಹೆಣ್ಣುಮಕ್ಕಳು ಗಂಗಿಪೂಜೆ ಮಾಡುವಾಗ ಏನು ಮಾಡುತ್ತಾರೆ ನೋಡಿ: ನೀರಿನ ಅಂಚಿನಲ್ಲಿ ಐದು ಹರಳು ಇಟ್ಟು, ಸುಣ್ಣ, ಅರಿಶಿನ, ಕುಂಕುಮ ಹಚ್ಚಿ, ನೈವೇದ್ಯ ತೋರಿಸಿ, ಎದ್ದು ಬರುತ್ತಾರೆ. ಹರಳು ಹೊಳೆಯದೇ, ಹೊಳೆಗೇ ಹೋಗುತ್ತದೆ. ಹೊಳೆಗೆ ಮುಖ ಬೇಕೆಂದು ಅವರಿಗೆ ಎಂದೂ ಅನ್ನಿಸಿಲ್ಲ.

ಇದನ್ನೇ ಇನ್ನಷ್ಟು ಹಿಡಿದು ನೋಡಿದರೆ, ನಮ್ಮ ಸೀಮೆಯ ಸಾರ್ವಜನಿಕ ಕಲೆ ಬಹುಪಾಲು ಹಸಿಮಣ್ಣಿನದು ಮತ್ತು ಮಳೆಗಾಲದ್ದು ಎಂಬುದು ತಿಳಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಮನೆಮನೆ ತಿರುಗುವ ಜೋಕುಮಾರ. ಕೆರೆಯ ಮಣ್ಣಿನಿಂದ, ಹೊಳೆಯ ಮಣ್ಣಿನಿಂದ ಮಾಡಿದ ಈ ಮೂರ್ತಿಗಳು ಕೊನೆಗೆ ಬಹುಮಟ್ಟಿಗೆ ನೀರಿಗೇ ಮರಳುತ್ತವೆ. ಹೊಳೆ ಏರುವ ಕಾಲಕ್ಕೇ ಜನ ಕೈಗೆ ಮಣ್ಣು ಎತ್ತಿಕೊಳ್ಳುವುದು ನನಗೆ ಬಹಳ ಕಾಲದಿಂದ ಸೋಜಿಗದ ವಿಷಯ. ನಿಮ್ಮ ಹಳೆಯ ವಿದ್ಯಾರ್ಥಿಗಳ ಹಣದಲ್ಲಿ ಒಂದು ಸಣ್ಣ ಪಾಲನ್ನು ಠೇವಣಿಯಾಗಿಟ್ಟು, ಅದರ ಬಡ್ಡಿಯಲ್ಲಿ ಪ್ರತಿ ಆಷಾಢದಲ್ಲಿ ಶಾಲೆಯ ಮಕ್ಕಳಿಗೆ ಊರಿನ ಕುಂಬಾರರಿಂದ ಮಣ್ಣಿನ ಕೆಲಸ ಕಲಿಸಿ, ಹೊಳೆಯಲ್ಲಿ ತಾವು ಕಂಡ ಜೀವಿಗಳನ್ನು ಮಾಡಿಸಿ ಮೆಟ್ಟಿಲ ಮೇಲೆ ಸಾಲಾಗಿ ಇಡಿಸಿದರೆ, ಸುಡದ, ಬಣ್ಣ ಹಚ್ಚದ ಆ ಮಣ್ಣನ್ನು ಏರುವ ನೀರು ತಾನಾಗಿ ಒಯ್ಯುತ್ತದೆ. ಫೋಟೋಕ್ಕೆ 15 ಅಡಿಯ ಮೂರ್ತಿಯಷ್ಟು ಚೆನ್ನಾಗಿ ಬರಲಿಕ್ಕಿಲ್ಲ. ಆದರೆ ಹಣ ಹೊಳೆಪಾಲಾಗುವ ನಿಮ್ಮ ಚಿಂತೆಗೆ ಇಲ್ಲಿ ಎಡೆಯೇ ಇಲ್ಲ. ಇಲ್ಲಿ ಕೃತಿ ಹೊಳೆಪಾಲಾಗುವುದೇ ಕೆಲಸದ ಭಾಗ.

ಶಾಶ್ವತವಾದದ್ದು ಏನಾದರೂ ಬೇಕೇ ಬೇಕು ಎಂದು ಹಿರಿಯರು ಅಂದರೆ, ಅದು ನ್ಯಾಯವಾದ ಆಸೆಯೇ. ಹಾಗಾದರೆ ಮೆಟ್ಟಿಲುಗಳನ್ನೇ ಕೃತಿ ಮಾಡಿ ಎಂಬುದು ನನ್ನ ಸಲಹೆ. ಪ್ರತಿ ಮಳೆಗಾಲದಲ್ಲಿ ಹಂಪಿಯ ಪುರಂದರ ಮಂಟಪ ಮುಳುಗಿತು ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವಲ್ಲ. ಅಣೆಕಟ್ಟಿನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬ ಅಂಕಿಗಿಂತ ಆ ಒಂದು ಚಿತ್ರ ತುಂಗಭದ್ರೆಯ ಮಟ್ಟವನ್ನು ಜನರಿಗೆ ಬೇಗ ತಿಳಿಸುತ್ತದೆ. ಕಂಬಗಳ ನಡುವೆ ನೀರಿಗೆ ದಾರಿ ಬಿಟ್ಟು ನಿಂತ ಆ ತೆರೆದ ಮಂಟಪ ಮುಳುಗಿ ಏಳುತ್ತ ಶತಮಾನಗಳನ್ನು ಕಳೆದಿದೆ. ನಿಮ್ಮ ಮೆಟ್ಟಿಲುಗಳಲ್ಲಿ ಕೆಲವನ್ನು ಆರಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದರ ಮುಖದ ಮೇಲೂ ಗ್ರಾನೈಟಿನಲ್ಲಿ ಉಬ್ಬುಶಿಲ್ಪ ಕಂಡರಿಸಬಹುದು: ತೀರ ಕೆಳಗೆ ಬೇಸಿಗೆಯಲ್ಲಷ್ಟೇ ಕಾಣುವ ಏಡಿ ಮತ್ತು ಶಂಖದ ಹುಳು, ಅದರ ಮೇಲೆ ಮೀನು, ಅದರ ಮೇಲೆ ನೀರುನಾಯಿ, ಮೇಲೆ ಹೊಳೆಮತ್ತಿಯ ಎಲೆ ಮತ್ತು ಕಾಯಿ, ಎಲ್ಲಕ್ಕಿಂತ ಮೇಲೆ 2019ರ ನೀರಿನ ಗೆರೆ, ಇಸವಿಯೊಂದಿಗೆ. ‘ಇವತ್ತು ನೀರು ಮೀನಿನ ತನಕ ಬಂದೈತಿ’ ಎಂದು ಮಕ್ಕಳು ಮನೆಗೆ ಬಂದು ಹೇಳುವಂತಾದರೆ ಕೃತಿ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ರಾತ್ರಿ ನೀರುನಾಯಿ ಮುಳುಗಿತು ಎಂದರೆ ತಗ್ಗಿನ ಓಣಿಯವರು ಎಚ್ಚರಾಗಬಹುದು. ಚಪ್ಪಟೆಯಾಗಿ ಮೆಟ್ಟಿಲಿಗೆ ಅಂಟಿಕೊಂಡ ಕೆಲಸವಾದ್ದರಿಂದ ನೀರಿಗೆ ಅಡ್ಡವಿಲ್ಲ, ಸುಳಿಯಿಲ್ಲ. ಇದರ ಅಪಾಯಗಳೂ ಇವೆ: ಪಾಚಿ ಕಟ್ಟಿದಾಗ ಕಂಡರಿಸಿದ ಕಲ್ಲು ಜಾರುತ್ತದೆ, ಆದ್ದರಿಂದ ಕಾಲಿಡುವ ಮೇಲ್ಮೈಯನ್ನು ಒರಟಾಗಿಯೇ ಬಿಟ್ಟು ಶಿಲ್ಪವನ್ನು ಮೆಟ್ಟಿಲಿನ ಎದುರು ಮುಖಕ್ಕೆ ಮಾತ್ರ ಸೀಮಿತಗೊಳಿಸಬೇಕು. ಕಾಣದಷ್ಟು ಕೆಸರು ಕೂತ ವರ್ಷ ಯಾರಾದರೂ ತೊಳೆಯಬೇಕು.

ಗ್ರಾನೈಟ್ ಎಂದು ಬೇಕೆಂದೇ ಬರೆದೆ. ಲಕ್ಕುಂಡಿ, ಗದಗ, ಹಾವೇರಿಯ ಗುಡಿಗಳನ್ನು ನೋಡಿ ಬಂದವರು ಬಳಪದ ಕಲ್ಲೇ ಬೇಕು ಎನ್ನುತ್ತಾರೆ. ಕಲ್ಯಾಣ ಚಾಲುಕ್ಯರ ಶಿಲ್ಪಿಗಳು 11, 12ನೆಯ ಶತಮಾನಗಳಲ್ಲಿ ಆಭರಣದಂತೆ ಕೊರೆಯಲು ಸಾಧ್ಯವಾದದ್ದು ಆ ಕಲ್ಲು ಮೆದುವಾಗಿದ್ದರಿಂದಲೇ. ಅದೇ ಮೆದುತನ ಹೊಳೆಯಲ್ಲಿ ವೈರಿ. ಮರಳು ಬೆರೆತ ನೆರೆನೀರು ಉಪ್ಪುಕಾಗದದಂತೆ ಉಜ್ಜುತ್ತದೆ. ನೀರು ಇಳಿದ ಮೇಲೆ ಮೊಳೆಯಿಂದ ತಮ್ಮ ಹೆಸರು ಕೊರೆಯುವವರು ಬರುತ್ತಾರೆ. ಬಳಪದ ಕಲ್ಲನ್ನು ಶಾಲೆಯ ಜಗುಲಿಯಂಥ ನೆರಳಿನ ಜಾಗಕ್ಕೆ ಇಟ್ಟುಕೊಳ್ಳಿ. ಆ ಗುಡಿಗಳಿಂದ ಕಲಿಯಬೇಕಾದದ್ದು ಕಲ್ಲಿಗಿಂತ ಹೆಚ್ಚಾಗಿ ಕಲ್ಪನೆಯನ್ನು. ತೋರಣಗಳ ಎರಡು ತುದಿಗಳಲ್ಲಿ ಬಾಯ್ದೆರೆದು ಕುಳಿತ ಮಕರವನ್ನು ನೋಡಿ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಎಲೆಬಳ್ಳಿಯಾಗಿ ಹರಡುವ ಬಾಲ. ನೀರಿನ ಶಕ್ತಿ, ನೀರಿನ ಭಯ, ನೀರು ಬೆಳೆಸುವ ಹಸಿರು ಮೂರನ್ನೂ ಒಂದೇ ಜೀವಿಯಲ್ಲಿ ಹಿಡಿದಿದ್ದಾರೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಒಳಚಾವಣಿಯಲ್ಲಿ ತಲೆಕೆಳಗಾಗಿ ಅರಳಿದ ಕಮಲವೂ ಕೆರೆಯನ್ನು ನೋಡಿದವರ ಕೆಲಸವೇ. ಗಳಗನಾಥಕ್ಕೆ ಹೋದರೆ ಗುಡಿಯ ಗೋಡೆಯ ಕೆಳಭಾಗವನ್ನು ಸುತ್ತುವರಿದು ಇಳಿಜಾರಾಗಿ ನಿಂತ ಕಲ್ಲಿನ ಆಸರೆಯನ್ನು ನಿಮ್ಮ ಎಂಜಿನಿಯರರಿಗೆ ತೋರಿಸಿ. ಎರಡು ಹೊಳೆಗಳ ನಡುವೆ ಭಾರ ಹೊರುವ ಕಟ್ಟಡ ಬುಡದಲ್ಲಿ ಎಷ್ಟು ಅಗಲ ಬೇಡುತ್ತದೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾವ ನಕ್ಷೆಯೂ ಹೇಳದು.

ದಂಡೆಯ ಮೇಲ್ಭಾಗದಲ್ಲಿ, ನೆರೆಯ ಗೆರೆಗಿಂತ ಮೇಲೆ, ಕುಳಿತುಕೊಳ್ಳುವ ಕಟ್ಟೆಗೆ ನೆಲ ಹಾಸುವುದಾದರೆ ಕಸೂತಿಯನ್ನು ನೆನೆಸಿಕೊಳ್ಳಿ. ಗವಂತಿ, ಮುರಗಿ, ನೇಗಿ, ಮೆಂತೆ ನಾಲ್ಕೂ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಎಣಿಕೆಯ ಮೇಲೆ ನಿಂತ ವಿನ್ಯಾಸವಾದ್ದರಿಂದ ಚೌಕದ ಫರಸಿಯಲ್ಲಿ, ಎರಡು ಬಣ್ಣದ ಕಲ್ಲಿನಲ್ಲಿ ಅದು ಒಂದು ಎಳೆಯೂ ಕೆಡದೆ ಕೂಡುತ್ತದೆ. ಊರಲ್ಲಿ ಕಸೂತಿ ಬಲ್ಲ ಅಜ್ಜಿ ಇದ್ದರೆ ಅವರೇ ನಿಮ್ಮ ವಿನ್ಯಾಸಕಾರರು. ಅವರಿಗೂ ಸಂಭಾವನೆ ಕೊಡಿ. ಎಂಜಿನಿಯರರಿಗೆ ಕೊಟ್ಟು ಅಜ್ಜಿಗೆ ಶಾಲು ಹೊದಿಸಿ ಕಳಿಸುವ ರೂಢಿ ನನಗೆ ಸೇರದು.

ಯುವಕರ ಗೋಡೆಚಿತ್ರಕ್ಕೆ ನನ್ನ ಪೂರ್ತಿ ಸಮ್ಮತಿಯಿದೆ, ಒಂದು ಷರತ್ತಿನ ಮೇಲೆ: ಗೋಡೆ ಒಣಗಿರಬೇಕು. ನಮ್ಮಲ್ಲಿ ಚಿತ್ರ ಸುಲಿದು ಬೀಳುವುದಕ್ಕೆ ಬಣ್ಣವನ್ನು ಬೈಯುತ್ತೇವೆ, ಆದರೆ ಬಹಳ ಸಲ ತಪ್ಪು ಗೋಡೆಯ ಒಳಗಿರುತ್ತದೆ. ನೆಲದ ತೇವ ಗೋಡೆಯನ್ನು ಏರುವಾಗ ಮಣ್ಣಿನ ಉಪ್ಪನ್ನೂ, ಸವಳು ನೀರಿನಲ್ಲಿ ಕಲಸಿದ ಗಿಲಾವಿನ ಉಪ್ಪನ್ನೂ ಎತ್ತಿಕೊಂಡು ಬಂದು ಮೇಲ್ಮೈಯಲ್ಲಿ ಬಿಳಿ ಪುಡಿಯಾಗಿ ಬಿಡುತ್ತದೆ. ಬಣ್ಣದ ಪದರ ಅದಕ್ಕೆ ಅಡ್ಡ ಬಂದರೆ ಬಣ್ಣವನ್ನೇ ತಳ್ಳಿ ಹೊರಹಾಕುತ್ತದೆ. ನೆರೆ ಕಂಡ ಶಾಲೆಯ ಗೋಡೆಯಲ್ಲಿ ಈ ತೊಂದರೆ ಇದ್ದೇ ಇರುತ್ತದೆ. ಕೆಳಗಿನ ಮೂರು ಅಡಿಯನ್ನು ಚಿತ್ರಕ್ಕೆ ಬಳಸದೆ ಸುಣ್ಣದ ಗಾರೆಗೆ ಬಿಡಿ, ಅದು ಉಸಿರಾಡುತ್ತದೆ, ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಮುಗಿಯಿತು. ಮೇಲಿನ ಭಾಗಕ್ಕೆ ಹೊರಗೋಡೆಯ ಅಕ್ರಿಲಿಕ್ ಬಣ್ಣ ನಡೆಯುತ್ತದೆ, ಹಳೆಯ ಪದರ ಕೆರೆದು ತಳಬಣ್ಣ ಕೊಟ್ಟ ಮೇಲೆ. ಟಾಕಿಯ ವಿಷಯದಲ್ಲಿ ಸೋರಿಕೆ ನಿಲ್ಲಿಸದೆ ಕುಂಚ ಎತ್ತಬೇಡಿ.

ಏನು ಬರೆಯಬೇಕು ಎಂಬುದಕ್ಕೆ ಗುತ್ತಿಗೆದಾರರ ಪುಸ್ತಕವನ್ನು ಮುಚ್ಚಿಡಿ. ವರದೆಯಲ್ಲಿ ಡಾಲ್ಫಿನ್ ಇಲ್ಲ, ಎಂದೂ ಇರಲಿಲ್ಲ. ಹೊಳೆಯ ಮೇಲೆ ದಿನವೂ ಹೋಗುವ ಮೀನುಗಾರರನ್ನು, ಕುರಿ ಕಾಯುವವರನ್ನು, ಬಟ್ಟೆ ಒಗೆಯುವ ಹೆಣ್ಣುಮಕ್ಕಳನ್ನು ಕೂರಿಸಿ ಒಂದು ವರ್ಷದ ಪಟ್ಟಿ ಮಾಡಿಸಿದರೆ ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿಗಳಿಂದ ಹಿಡಿದು ಗೋಡೆಗೆ ಸಾಲದಷ್ಟು ಜೀವಿಗಳು ಸಿಗುತ್ತವೆ. ತುಂಗಭದ್ರೆಯ ಕೆಳಹರಿವಿನಲ್ಲಿ, ಬಳ್ಳಾರಿ ಮತ್ತು ಕೊಪ್ಪಳದ ಕಡೆ, ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದೇ ಮೀಸಲಿಡಲಾಯಿತು ಎಂಬುದನ್ನು ಮಕ್ಕಳಿಗೆ ಹೇಳಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗಾಗಿ ಆ ಕೆರೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎನಿಸಿತು. ಹಂಸ ಬರೆಯಲೇಬೇಕು ಎನ್ನುವವರಿಗೆ ಈ ಹೆಬ್ಬಾತು ಒಳ್ಳೆಯ ಉತ್ತರ.

ಕಾರಂಜಿಯನ್ನು ಕೈಬಿಡಿ. ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಕೊಳವೆಬಾವಿಯ ನೀರನ್ನು ಗಾಳಿಗೆ ಹಾರಿಸುವುದು ಶೋಭಿಸುವುದಿಲ್ಲ, ಅದರ ಪಂಪೂ ಎರಡನೆಯ ವರ್ಷ ಉಳಿದಿರುವುದಿಲ್ಲ. ಬಣ್ಣದ ದೀಪಗಳ ತೊಂದರೆ ಅಷ್ಟು ಸುಲಭವಾಗಿ ಕಾಣುವುದಿಲ್ಲವಾದ್ದರಿಂದ ಹೇಳುತ್ತೇನೆ: ನದಿ ರೀವದಂಥ ಹಕ್ಕಿ ಬೇಸಿಗೆಯಲ್ಲಿ ಮರಳದಿಬ್ಬದ ಮೇಲೆ ಬರೀ ನೆಲದಲ್ಲಿ ಮೊಟ್ಟೆ ಇಡುತ್ತದೆ. ರಾತ್ರಿಯಿಡೀ ಬೆಳಕು ಬಿದ್ದರೆ ನಾಯಿಗೂ ನರಿಗೂ ಗೂಡು ತೋರಿಸಿಕೊಟ್ಟಂತೆ. ಹೊಳೆಯ ಹುಳುಗಳೆಲ್ಲ ದೀಪದ ಬುಡದಲ್ಲಿ ಸತ್ತು ಬಿದ್ದರೆ ಮೀನು, ಬಾವಲಿಗಳ ಊಟವೂ ಹೋಯಿತು. ಮೆಟ್ಟಿಲಿಗೆ ಇಳಿಯುವ ದಾರಿಗೆ ಕೆಳಮುಖವಾದ ಒಂದೆರಡು ಮಂದ ದೀಪ ಸಾಕು, ಹತ್ತು ಗಂಟೆಗೆ ಆರಿಸುವಂಥವು.

ವೀರಗಲ್ಲುಗಳ ಮಾತಿನಲ್ಲಿ ನಾನು ಕಟ್ಟುನಿಟ್ಟು. ಬಣ್ಣ ಹಚ್ಚಿದರೆ ಬಾಳಿಕೆ ಎಂಬುದು ಪೂರ್ತಿ ಸುಳ್ಳು. ಆಯಿಲ್ ಪೇಂಟು ಕಲ್ಲಿನ ರಂಧ್ರಗಳನ್ನು ಮುಚ್ಚುತ್ತದೆ, ನೆಲದಿಂದ ಏರಿದ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಬಣ್ಣದ ಹಿಂದೆಯೇ ಉಪ್ಪು ಕಟ್ಟುತ್ತದೆ, ಕೆಲವು ವರ್ಷಗಳಲ್ಲಿ ಬಣ್ಣದ ಜೊತೆ ಕಲ್ಲಿನ ಮೇಲ್ಪದರವೂ ಹಕ್ಕಳೆಯಾಗಿ ಏಳುತ್ತದೆ. ಕೆಳಗಿನ ಪಟ್ಟಿಕೆಯ ಕಾಳಗ, ನಡುವಿನಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಪೂಜೆ, ಅವುಗಳ ನಡುವಿನ ಅಂಚಿನಲ್ಲಿ ಬರಹವಿದ್ದರೆ ಆ ಅಕ್ಷರಗಳ ಗೆರೆಯನ್ನು ಬಣ್ಣ ತುಂಬಿಬಿಡುತ್ತದೆ. ಆಮೇಲೆ ಶಾಸನ ಓದುವವರಿಗೆ ಅದು ಸಿಕ್ಕುವುದಿಲ್ಲ. ಸಾದಾ ನೀರು, ಮೆದು ಕುಂಚ ಸಾಕು. ಆಸಿಡ್ ಬೇಡ, ತಂತಿ ಬ್ರಷ್ ಬೇಡ. ಕಿತ್ತು ಬೇರೆಡೆ ನಿಲ್ಲಿಸಬೇಡಿ, ಸುತ್ತ ಸಿಮೆಂಟು ಸುರಿಯಬೇಡಿ. ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಫೋಟೋದೊಂದಿಗೆ ಬರೆದು ತಿಳಿಸಿ.

ಪರವಾನಗಿ ಬೇಡ ಎನ್ನುವವರಿಗೆ ಮೊದಲು ಜಾಗದ ಉತಾರ (ಪಹಣಿ) ತೆಗೆಸಿ ತೋರಿಸಿ. ಮೆಟ್ಟಿಲ ಪಕ್ಕದ ಜಾಗ ಕಾಗದದಲ್ಲಿ ದೇವಸ್ಥಾನದ್ದೋ, ಸರ್ಕಾರದ ಹೊಳೆ ಖರಾಬೋ ಎಂಬುದು ಆಗ ತಿಳಿಯುತ್ತದೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತು ಇತರ ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ನೀಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಕೇಂದ್ರ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ರಕ್ಷಿಸುವ ಸ್ಮಾರಕವೇನಾದರೂ ಸಮೀಪದಲ್ಲಿದ್ದರೆ, ಅದರ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣವೇ ನಿಷಿದ್ಧ, ಅಲ್ಲಿಂದ ಮುಂದೆ 200 ಮೀಟರ್‌ವರೆಗೆ ಅನುಮತಿ ಬೇಕು. ಇದರ ಕಚೇರಿ ಧಾರವಾಡದಲ್ಲೇ ಇದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸುವಾಗ ಕೃತಿಯನ್ನು ಯಾರು ತೊಳೆಯುತ್ತಾರೆ, ಒಡೆದರೆ ಯಾರು ಖರ್ಚು ಹಾಕುತ್ತಾರೆ ಎಂಬುದನ್ನೂ ಅದರಲ್ಲಿ ಬರೆಸಿ. ಈ ಒಂದು ಸಾಲು ಇಲ್ಲದ್ದರಿಂದ ಅನಾಥವಾದ ಕೃತಿಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಇಷ್ಟಾದ ಮೇಲೂ ಹಿರಿಯರು ಮೂರ್ತಿಗೇ ಪಟ್ಟು ಹಿಡಿದರೆ, ಶಾಲೆಯ ಕಂಪೌಂಡಿಗಿಂತ ಎತ್ತರದ ಜಾಗದಲ್ಲಿ, ಆಳವಾದ ಅಡಿಪಾಯದ ಮೇಲೆ, ಐದು ಅಡಿಗೆ ಮೀರದ ಕಲ್ಲಿನ ಮೂರ್ತಿಯಾಗಲಿ. ಪೂಜೆ ಆಗುತ್ತದೆ ಎಂದೇ ಎಣಿಸಿ, ದೇವಸ್ಥಾನದ ಕಮಿಟಿಗೇ ಅದರ ಹೊಣೆ ಒಪ್ಪಿಸಿ. ಅದರಲ್ಲೇ ಹಣವೆಲ್ಲ ಮುಗಿಯುವಂತಾದರೆ ಮೆಟ್ಟಿಲ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಿ, ಆದರೆ ನೆರೆಯ ಗೆರೆಯೊಂದನ್ನು ಮಾತ್ರ ಈಗಲೇ ಕೊರೆಸಿಬಿಡಿ, ಏಕೆಂದರೆ ಅದನ್ನು ನೋಡಿದವರಿಗೆ ವಯಸ್ಸಾಗುತ್ತಿದೆ, ಗೋಡೆಯ ಮೇಲಿನ ಕೆಸರಿನ ಗುರುತು ಪ್ರತಿ ಸುಣ್ಣಕ್ಕೂ ಅಳಿಸುತ್ತಿದೆ. ಗುತ್ತಿಗೆದಾರರಿಗೆ ಮುಂಗಡ ಕೊಟ್ಟಿಲ್ಲವಾದರೆ ಕೊಡಬೇಡಿ. ಏಪ್ರಿಲ್‌ನಲ್ಲಿ ನೀರು ಪೂರ್ತಿ ಇಳಿದಾಗ ಮೆಟ್ಟಿಲುಗಳನ್ನು ಎಣಿಸಿ, ಒಂದೊಂದರ ಎತ್ತರ, ಅಗಲ, ಎಲ್ಲಿ ಕಲ್ಲು ಸಡಿಲವಾಗಿದೆ ಎಂಬುದನ್ನು ನಿಮ್ಮ ಮಕ್ಕಳಿಂದಲೇ ಬರೆಸಿ ಕಳಿಸಿದರೆ, ಯಾವ ಮೆಟ್ಟಿಲಿಗೆ ಮೀನು, ಯಾವುದಕ್ಕೆ ನೀರುನಾಯಿ ಎಂಬುದನ್ನು ಗೊತ್ತುಮಾಡಲು ನಾನು ಒಂದು ಭಾನುವಾರ ಬರುತ್ತೇನೆ.